ಮೊದಲನೇ ಮೊಳೆಯ ಬಟ್ಟೆ

ಪಕ್ಕದ ತೋಟದ ಅಕ್ಕನ ಹೊಲಿಗೆ ಕೋಣೆಯನ್ನು ಏನು ಮಾಡುವುದು ಎಂದು ಅವರ ಸೊಸೆ ಫೋನಿನಲ್ಲಿ ಕೇಳಿದಳು. ತಿಥಿ ಮುಗಿದು ಕೆಲವು ವಾರಗಳಾಗಿದ್ದವು. ಕೋಣೆಗೆ ಬೀಗ ಹಾಕಿಟ್ಟಿದ್ದಾರಂತೆ. ಕಾಫಿ ಕೊಯ್ಲು ಹತ್ತಿರ ಬಂತು, ಮೂಟೆ ಇಡಲು ಜಾಗ ಬೇಕು, ಒಳಗೆ ಹೋದರೆ ಯಾವ ಬಟ್ಟೆ ಯಾರದ್ದು, ಯಾವುದು ಏನಾಗಬೇಕಿತ್ತು ಎಂದು ಒಂದೂ ತಿಳಿಯುವುದಿಲ್ಲ, ನೀವೇ ಒಂದು ಸಲ ಬಂದು ಹೇಳಿದರೆ ಒಳ್ಳೆಯದಿತ್ತು ಎಂದಳು. ಭಾನುವಾರ ಬರುತ್ತೇನೆ ಎಂದೆ. ಆ ಭಾನುವಾರ ಹೋಗಲಿಲ್ಲ. ಮುಂದಿನ ಭಾನುವಾರ ಸ್ಕೂಲಿನ ಕೆಲಸವಿದೆ ಎಂದು ಸುಳ್ಳು ಹೇಳಿದೆ. ನಮ್ಮ ತೋಟ ದಾಟಿದರೆ ಅವರ ಮನೆ. ಹೋಗಲು ಕಾಲು ಬರುತ್ತಿಲ್ಲ, ಹೋಗದೆ ಮನೆಯಲ್ಲಿ ಕೂರಲೂ ಆಗುತ್ತಿಲ್ಲ. ಅಡಿಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಅಂಗಳಕ್ಕೆ ತಿರುಗುತ್ತಿದ್ದೇನೆ. ಈ ಕೂರಲಾರದ ರೋಗ ನನಗೆ ಅಂಟಿದ್ದು ಅವರಿಂದಲೇ ಇರಬೇಕು.

ಹೆಸರು ಬೇಡ. ನಮ್ಮ ಕಡೆ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ನನಗೆ ಅವರು ಅಕ್ಕ. ನಾನು ಮದುವೆಯಾಗಿ ಆಲ್ದೂರಿನ ಹತ್ತಿರದ ಈ ಮನೆಗೆ ಬಂದ ಹೊಸತು. ತವರಿನ ಟೈಲರ್ ಹೊಲಿದ ನನ್ನ ರವಿಕೆ ಕಂಕುಳಲ್ಲಿ ಹಿಡಿಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಪಕ್ಕದ ಊರಿನ ಒಂದು ಪೂಜೆಯಲ್ಲಿ ಪರಿಚಯವೇ ಇಲ್ಲದ ಒಬ್ಬ ಹೆಂಗಸು ಹಿಂದಿನಿಂದ ಬಂದು ನನ್ನ ತೋಳು ಎತ್ತಿ ನೋಡಿ, "ಇದ್ರಲ್ಲಿ ಹೆಂಗೆ ಉಸಿರಾಡ್ತಿ ಮಾರಾಯ್ತಿ, ನಾಳೆ ತಗಂಡು ಬಾ" ಎಂದು ಹೇಳಿ, ಮಂಗಳಾರತಿಗೂ ನಿಲ್ಲದೆ ಹೊರಟುಹೋದರು. ನನಗೆ ಸಿಟ್ಟು ಬಂದಿತ್ತು. ಮಾರನೇ ದಿನ ತೆಗೆದುಕೊಂಡು ಹೋದೆ.

ಅವರು ಟೈಲರ್ ಅಲ್ಲ. ಬೋರ್ಡಿಲ್ಲ, ಗಿರಾಕಿಗಳಿಲ್ಲ. ಗಂಡ ಕಾಫಿ ಬೆಳೆಗಾರರು, ಊಟ ಬಟ್ಟೆಗೆ ಕೊರತೆಯಿಲ್ಲದ ಮನೆ. ಹೊಲಿಯುವುದು ಅವರಿಗೊಂದು ಚಟ. ಯಾರಿಗೆ ಏನು ಬೇಕು ಎಂದು ಅವರೇ ತೀರ್ಮಾನಿಸುತ್ತಿದ್ದರು. ಬೇಕಾದವರಿಗೆ ಅದು ಬೇಕೆಂದು ಗೊತ್ತಿರಬೇಕಾದ ಅಗತ್ಯವಿರಲಿಲ್ಲ. ಮೇಸ್ತ್ರಿಯ ಹೆಂಡತಿ ಚಳಿಗೆ ನಡುಗುತ್ತಾಳೆಂದು ಹಳೆಯ ಪರದೆಯಲ್ಲಿ ಒಳಗೆ ಹತ್ತಿ ತುಂಬಿದ ಜಾಕೀಟು ಹೊಲಿದರು. ಅವಳು ಅದನ್ನು ಇವತ್ತಿಗೂ ಹಾಕುತ್ತಾಳೆ. ಮಳೆಗಾಲಕ್ಕೆಂದು ತೋಟದ ಆಳುಗಳಿಗೆಲ್ಲ ತಲೆ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆಗೆ ತೋಳಿಟ್ಟು ಹೊಲಿದದ್ದು ಮಾತ್ರ ಕೈಕೊಟ್ಟಿತು. ಮಳೆಯಲ್ಲಿ ನೆನೆದ ಮೇಲೆ ಆ ತೋಳುಗಳ ಭಾರಕ್ಕೆ ಯಾರಿಗೂ ಕೈ ಎತ್ತಲಾಗುತ್ತಿರಲಿಲ್ಲ. ಆಳುಗಳು ಮುಖ ಮುರಿಯಲಾಗದೆ ಒಂದು ದಿನ ಹಾಕಿಕೊಂಡು, ಮಾರನೇ ದಿನ ಅವನ್ನು ಪಂಪ್‌ಸೆಟ್ಟಿಗೆ ಹೊದೆಸಿದರು. ಅಕ್ಕ ನೋಡಿ ನಕ್ಕು, ಪಂಪ್‌ಸೆಟ್ಟಿಗೆ ತೋಳು ಬೇಡ ಎಂದು ಬಿಚ್ಚಿಕೊಂಡು ಹೋದರು. ಆ ತೋಳುಗಳೂ ಅವರ ಗಂಟಿಗೆ ಸೇರಿದವು.

ಅವರ ಕೋಣೆಯೆಂದರೆ ಮನೆಯ ಪಕ್ಕಕ್ಕೆ ಚಾಚಿಕೊಂಡಿದ್ದ, ಹಿಂದೆ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಇಡುತ್ತಿದ್ದ ಜಾಗ. ಕೊಯ್ಲು ಬಂತೆಂದರೆ ಕಾಫಿಗೂ ಬಟ್ಟೆಗೂ ಗಡಿ ಜಗಳ. ಅವರ ಗಂಡ, ನನಗೆ ಭಾವ, ದಿನಕ್ಕೊಂದು ಮೂಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಹೊಲಿಗೆ ಮೆಷಿನ್ನಿನ ಕಾಲಿನವರೆಗೆ ತಂದಿಡುವುದು, ಇವರು ಆಳು ಕರೆಸಿ ಅದನ್ನು ಹಿಂದಕ್ಕೆ ಸರಿಸುವುದು. ಹೀಗಾಗಿ ಅವರು ಹೊಲಿದದ್ದಕ್ಕೆಲ್ಲ ಒಣಗಿದ ಕಾಫಿಯ ವಾಸನೆ. ಮೆಷಿನ್ನು ಕಿಟಕಿಯ ಪಕ್ಕಕ್ಕಿತ್ತು, ಕಾಲಿನಲ್ಲಿ ತುಳಿಯುವುದು. ಕತ್ತರಿಸುವ ಮೇಜೆಂದರೆ ಎರಡು ಡ್ರಮ್ಮಿನ ಮೇಲೆ ಮಲಗಿಸಿದ ಹಳೇ ಬಾಗಿಲು. ಅದರ ಚಿಲಕ ಹಾಗೇ ಇತ್ತು, ಕತ್ತರಿಗೆ ಸಿಗುತ್ತದೆಂದು ದಿನಾ ಬೈಯುತ್ತಿದ್ದರು, ಕೊನೆಯವರೆಗೂ ತೆಗೆಸಲಿಲ್ಲ. ಗೋಡೆಗೆ ಒರಗಿ ದೊಡ್ಡ ಮರದ ಬೀರು. ಅದರೊಳಗೆ ಬಟ್ಟೆ, ಬಟ್ಟೆಯ ಹಿಂದೆ ಬಟ್ಟೆ, ಅದರ ಹಿಂದೆ ಅವರಿಗೇ ಮರೆತುಹೋದ ಬಟ್ಟೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಬೀರುವಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಯುತ್ತಿತ್ತು. ಬಾಗಿಲ ಸಂದಿಯಿಂದ ಬೆಳಕು ಕಾಣುತ್ತಿದ್ದುದರಿಂದ ಒಳಗೆ ದೇವರಿದೆಯೋ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಮೆಷಿನ್ನಿನ ಎದುರು ಗೋಡೆಯ ಉದ್ದಕ್ಕೂ ಮೊಳೆಗಳು. ಭಾವನೇ ಹೊಡೆದುಕೊಟ್ಟದ್ದು, ಒಂದೂ ನೆಟ್ಟಗಿರಲಿಲ್ಲ. ಒಂದೊಂದು ಮೊಳೆಗೆ ಒಂದೊಂದು ಮುಂದಿನ ಕೆಲಸ ನೇತಾಡುತ್ತಿತ್ತು. ಬಟ್ಟೆ, ಅದರೊಳಗೆ ಹೊಂದುವ ದಾರ, ಗುಂಡಿ, ಎಲ್ಲ ಸೇರಿಸಿ ಒಂದು ಸೇಫ್ಟಿ ಪಿನ್ನು. ಅಂಗನವಾಡಿಯ ಕಿಟಕಿಗೆ ಪರದೆ, ಇನ್ನೂ ಹುಟ್ಟದ ಮೊಮ್ಮಗುವಿಗೆ ಕುಲಾವಿ, ನನ್ನ ಹಾರ್ಮೋನಿಯಮ್ಮಿಗೆ ನಾನು ಕೇಳದ ಹೊದಿಕೆ. ಕೈಯಲ್ಲಿ ಒಂದು ಕೆಲಸವಿದ್ದಾಗ ಕಣ್ಣು ಮುಂದಿನ ಮೊಳೆಯ ಮೇಲೆ. "ಇದಾದ ಮೇಲೆ" ಎನ್ನುವುದು ಅವರ ಮಾತಿನ ಒಗ್ಗರಣೆ. ಇದಾದ ಮೇಲೆ ಪರದೆ, ಇದಾದ ಮೇಲೆ ಊಟ, ಇದಾದ ಮೇಲೆ ಡಾಕ್ಟರ ಹತ್ತಿರ ಹೋಗುವುದು. ಪರದೆ ಅರ್ಧಕ್ಕೆ ಬರುವಷ್ಟರಲ್ಲಿ ಕುಲಾವಿ ಶುರುವಾಗಿರುತ್ತಿತ್ತು.

ಕಾಫಿಯನ್ನು ನಿಂತೇ ಕುಡಿಯುತ್ತಿದ್ದರು. ಯಾರದಾದರೂ ಮನೆಯಲ್ಲಿ ಬಲವಂತಕ್ಕೆ ಕೂತರೆ ಪಾದ ಕೆಳಗೆ ಇಲ್ಲದ ಮೆಷಿನ್ನು ತುಳಿಯುತ್ತಿತ್ತು. ಮಾತಾಡುತ್ತ ಮಾತಾಡುತ್ತ ನಮ್ಮ ಸೆರಗಿನ ತುದಿ ಹಿಡಿದು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ ನೋಡುವುದು ಇನ್ನೊಂದು ಅಭ್ಯಾಸ. ಒಮ್ಮೆ ಚಿಕ್ಕಮಗಳೂರಿನ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಸೆರಗನ್ನು ಹೀಗೇ ಹೊಸಕಿದರು. ಆಕೆ ತಿರುಗಿ ಕೆಕ್ಕರಿಸಿದರೆ ಇವರು ನಾಚಲೂ ಇಲ್ಲ. ಒಗೆದರೆ ಬಣ್ಣ ಬಿಡುತ್ತದೆ, ಉಪ್ಪು ನೀರಿನಲ್ಲಿ ನೆನೆಸಿ ಎಂದರು. ಇಳಿಯುವಷ್ಟರಲ್ಲಿ ಆಕೆಯ ಮಗಳ ಮದುವೆಯ ರವಿಕೆಗಳ ಬಗ್ಗೆ ಇಬ್ಬರೂ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದರು. ನನಗೆ ಮಾತ್ರ ಮುಜುಗರದಿಂದ ಮೈಯೆಲ್ಲ ಬೆವರು.

ಬೀರು ತುಂಬಿದ್ದು ಬಹುಪಾಲು ಬ್ಲೌಸ್ ಪೀಸಿನಿಂದ. ನಮ್ಮ ಕಡೆ ಮುತ್ತೈದೆ ಯಾರ ಮನೆಗೆ ಹೋದರೂ ಅರಿಶಿನ ಕುಂಕುಮದ ಜೊತೆ ಎಲೆ ಅಡಿಕೆ, ಅದರ ಮೇಲೊಂದು ಬ್ಲೌಸ್ ಪೀಸು ಕೊಟ್ಟು ಕಳಿಸುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ಬೀರುವಿಗೆ ಹೋಗುತ್ತದೆ, ಅಲ್ಲಿಂದ ಮುಂದಿನ ಅತಿಥಿಯ ಕೈಗೆ. ಎಲ್ಲರೂ ಹೀಗೆ ಮಾಡುತ್ತಾರೆ, ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅಕ್ಕ ಒಬ್ಬರೇ ಅದನ್ನು ಬಿಡಿಸಿ ನೋಡಿ, ಚೆನ್ನಾಗಿದ್ದರೆ ಇಟ್ಟುಕೊಂಡು ಹೊಲಿಯುತ್ತಿದ್ದವರು. ಹೊಲಿಗೆಗೆ ಆಗದ್ದನ್ನು ಅವರೂ ಮುಂದಕ್ಕೆ ಕಳಿಸುತ್ತಿದ್ದರು, ಆದರೆ ಮೂಲೆಯಲ್ಲಿ ಕೆಂಪು ದಾರದ ಒಂದು ಸಣ್ಣ ಹೊಲಿಗೆ ಹಾಕಿ. ಅಂಥ ಒಂದು ಗುಲಾಬಿ ಪೀಸು ಮಾರನೇ ವರ್ಷ ಯಾವುದೋ ಗೃಹಪ್ರವೇಶದಲ್ಲಿ ಅವರಿಗೇ ವಾಪಸು ಬಂತು. ಮೂಲೆ ತೋರಿಸಿ ನನ್ನ ಕಿವಿಯಲ್ಲಿ, ಪಾಪ, ಎಷ್ಟು ಊರು ತಿರುಗಿ ಬಂದಿದೆಯೋ, ಕಾಲು ನೋಯುತ್ತಿರಬೇಕು ಎಂದು ನಕ್ಕರು.

ಕಿಟಕಿಯ ಪಕ್ಕದ ಮೊದಲನೇ ಮೊಳೆಯಲ್ಲಿ ಮಾತ್ರ ಯಾವಾಗಲೂ ಒಂದೇ ಬಟ್ಟೆ. ಗಿಳಿಹಸಿರು, ಅಂಚಿನಲ್ಲಿ ಸಣ್ಣ ಮಾವಿನಕಾಯಿ. ಅದು ಭಾವ ತಂದದ್ದು. ಹೆಂಡತಿಗೆ ಅಂತ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದವರೇ ಅಲ್ಲ. ಒಂದು ದಿನ ಆಲ್ದೂರಿನ ಕಟ್ ಪೀಸ್ ಅಂಗಡಿಯ ಸಾಹೇಬರ ಹತ್ತಿರ ಯಾತಕ್ಕೋ ಹೋದವರು ಇದನ್ನು ಕೊಂಡು ಪೇಪರಿನಲ್ಲಿ ಸುತ್ತಿಸಿ ತಂದು, ಮೆಷಿನ್ನಿನ ಮೇಲಿಟ್ಟು, ತೋಟಕ್ಕೆ ಹೋಗಿಬಿಟ್ಟರಂತೆ. ಆಮೇಲೆ ಪ್ರತಿ ಹಬ್ಬಕ್ಕೂ, ಹೊಲಿದಾಯ್ತಾ ಎಂದು ಕೇಳುವುದು. ಪ್ರತಿ ಹಬ್ಬಕ್ಕೂ ಇವರು, ಇದಾದ ಮೇಲೆ ಎನ್ನುವುದು. ನನಗೆ ಭಾವನ ಮೇಲೆ ಕನಿಕರ. ಊರಿನವರಿಗೆಲ್ಲ ಹೊಲಿಯುತ್ತೀರಿ, ಅದೊಂದನ್ನು ಹೊಲಿದು ಹಾಕಿಕೊಂಡರೆ ಗಂಟೇನು ಹೋಗುತ್ತದೆ ಎಂದು ಜಗಳವಾಡಿದ್ದೇನೆ. ಪಿನ್ನು ಬಾಯಲ್ಲಿ ಕಚ್ಚಿಕೊಂಡು ಮೆಷಿನ್ನು ತುಳಿಯುತ್ತಿದ್ದರು.

ಭಾವ ಒಂದು ಕೊಯ್ಲಿನ ಕಾಲದಲ್ಲಿ ತೋಟದಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಗಿಳಿಹಸಿರು ಪೀಸು ಮೊಳೆಯಲ್ಲೇ ಉಳಿಯಿತು.

ಅಲ್ಲಿಂದ ಮುಂದೆ ಅರಿಶಿನ ಕುಂಕುಮದ ತಟ್ಟೆ ಅಕ್ಕನ ಮುಂದೆ ಬರುವುದು ನಿಂತಿತು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳದೆ ನಡೆಸಿಬಿಡುವುದರಲ್ಲಿ ನಮ್ಮವರು ಜಾಣರು. ಮೂಡಿಗೆರೆಯ ಒಂದು ನಾಮಕರಣದಲ್ಲಿ ನಾನು ಕಣ್ಣಾರೆ ಕಂಡೆ. ಸಾಲಾಗಿ ಕೂತಿದ್ದ ನಮಗೆಲ್ಲ ಕೊಡುತ್ತ ಬಂದ ಹುಡುಗಿ ಅಕ್ಕನ ಹತ್ತಿರ ಬಂದಾಗ ಹೆಜ್ಜೆ ದೊಡ್ಡದು ಮಾಡಿ ಆಚೆ ಕೂತವರಿಗೆ ಕೊಟ್ಟಳು. ಅಕ್ಕನ ಕೈ ಅಭ್ಯಾಸಬಲದಿಂದ ಸೆರಗು ಹಿಡಿದು ಅರ್ಧ ಮುಂದೆ ಬಂದಿತ್ತು. ಆ ಕೈಯನ್ನು ಹಾಗೇ ತಿರುಗಿಸಿ ಮಂಡಿ ಒರೆಸಿಕೊಂಡರು. ಆಮೇಲಿನ ಕಾರ್ಯಗಳಲ್ಲಿ ತಟ್ಟೆ ಹೊರಡುವ ಹೊತ್ತಿಗೆ ಸರಿಯಾಗಿ ಅವರು ಎದ್ದಿರುತ್ತಿದ್ದರು. ಅಡಿಗೆಯವರಿಗೆ ಏನೋ ಹೇಳಬೇಕು, ಕೈ ತೊಳೆಯಬೇಕು, ಬಸ್ಸಿನ ಹೊತ್ತಾಯಿತು. ಮೊದಲೇ ಕೂರಲಾರದವರು, ಯಾರಿಗೂ ವಿಶೇಷ ಅನ್ನಿಸಲಿಲ್ಲ. ಬೀರುವಿಗೆ ಹೊಸ ಬಟ್ಟೆ ಬರುವುದು ಸಾಹೇಬರ ಕಟ್ ಪೀಸ್ ಅಂಗಡಿಯಿಂದ ಮಾತ್ರ ಎಂದಾಯಿತು.

ಒಂದು ವರ್ಷ ಆಷಾಢದ ಗಾಳಿಮಳೆಗೆ ತೋಟದ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು ಎಷ್ಟೋ ದಿನ ಕರೆಂಟ್ ಇರಲಿಲ್ಲ. ಬೀರುವಿನ ಬಲ್ಬು ಆರಿತು. ಅಕ್ಕನಿಗೆ ನಿದ್ದೆಯಿಲ್ಲ. ಬಟ್ಟೆಗಳನ್ನೆಲ್ಲ, ಮೊಳೆಯ ಮೇಲಿನ ಗಂಟುಗಳನ್ನೂ ಬಿಚ್ಚಿ, ಬಚ್ಚಲಿನ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಸರದಿಯ ಮೇಲೆ ಒಣಗಿಸಿದರು. ಆ ಓಡಾಟದಲ್ಲೇ ಜ್ವರ ಬಂದು ಮಲಗಿದರು. ಉಳಿದದ್ದನ್ನು ಸೊಸೆ ಒಣಗಿಸಿ, ಮಡಿಸಿ ಇಟ್ಟಳು. ಒಳ್ಳೆಯ ಹುಡುಗಿ, ಕೆಲಸದಲ್ಲಿ ಚುರುಕು. ಬ್ಲೌಸ್ ಪೀಸಿನಂತೆ ಕಂಡದ್ದನ್ನೆಲ್ಲ ಒಟ್ಟುಮಾಡಿ, ಬಂದವರಿಗೆ ಕೊಡುವ ಪೀಸುಗಳ ಜೊತೆ ತನ್ನ ಬೀರುವಿಗೆ ಸೇರಿಸಿದಳು. ಶ್ರಾವಣ ಬಂತು. ಶ್ರಾವಣದಲ್ಲಿ ಬ್ಲೌಸ್ ಪೀಸುಗಳಿಗೆ ಕಾಲು ಬರುತ್ತದೆ, ಒಂದೊಂದು ಶುಕ್ರವಾರಕ್ಕೆ ಒಂದೊಂದು ಮನೆ.

ಜ್ವರ ಬಿಟ್ಟು ಎದ್ದು ಕೋಣೆಗೆ ಹೋದ ಅಕ್ಕ ಮೊದಲನೇ ಮೊಳೆ ನೋಡಿದರು. ಸೊಸೆಯನ್ನು ಕೇಳಿದರು. ಅವಳು ನೆನಪು ಮಾಡಿಕೊಂಡು, ಆ ಹಸಿರಿನದನ್ನು ಮೂಡಿಗೆರೆಯ ನಮ್ಮ ಸೋದರತ್ತೆಗೆ ಕೊಟ್ಟೆ, ಬೇರೆ ಯಾವುದೂ ಚೆನ್ನಾಗಿರಲಿಲ್ಲ ಎಂದಳು. ಅಕ್ಕ ನಿಂತ ಕಾಲಲ್ಲೇ ಹೊರಟರು. ತೋಟ ದಾಟಿ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತು, "ಕಾರು ತೆಗಿ ಮಾರಾಯ್ತಿ. ಇವತ್ತು ಶುಕ್ರವಾರ. ಸಂಜೆ ಒಳಗೆ ಸಿಗದಿದ್ರೆ ಇನ್ನು ಸಿಗದಿಲ್ಲ" ಎಂದರು. ಸ್ಕೂಲಿಗೆ ರಜೆ ಹೇಳಿ ನನ್ನ ಹಳೇ ಕಾರು ತೆಗೆದೆ.

ಕೊಟ್ಟ ಬ್ಲೌಸ್ ಪೀಸನ್ನು ವಾಪಸು ಕೇಳಿಕೊಂಡು ಹೋಗುವುದು ನಮ್ಮ ಸೀಮೆಯಲ್ಲಿ ಯಾರೂ ಮಾಡದ ಕೆಲಸ. ಕೇಳಿದರೆ, ನೀವು ಅದನ್ನು ದಾಟಿಸಿದ್ದೀರಿ ಎಂದು ಎದುರಿಗೆ ಹೇಳಿದಂತೆ. ಮೂಡಿಗೆರೆಯ ಸೋದರತ್ತೆ, ಅಯ್ಯೋ ಬೀರುವಲ್ಲೇ ಇದೆ ಎಂದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಎಲೆಹಸಿರಿನ ಬೇರೊಂದು ಪೀಸಿತ್ತು. ಅಕ್ಕ ಬೆರಳಲ್ಲಿ ಮುಟ್ಟಿ, ಇದಲ್ಲ ಎಂದರು. ಆಕೆ ನನ್ನ ಮುಖ ನೋಡಿದರು, ಗೋಡೆ ನೋಡಿದರು, ಕೊನೆಗೆ ಕೊಟ್ಟಿಗೆಹಾರದ ದಾರಿಯಲ್ಲಿರುವ ನಾದಿನಿಗೆ ಕೊಟ್ಟದ್ದನ್ನು ಒಪ್ಪಿಕೊಂಡರು. ನಾವು ಹೊರಡುವಾಗ ಅವರು ತಟ್ಟೆ ತರುವ ಮೊದಲೇ ಅಕ್ಕ ಕಾರಿನಲ್ಲಿದ್ದರು. ನಾದಿನಿ ಒಳ್ಳೆಯವಳು, ಕೇಳಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೋದ ಶುಕ್ರವಾರ ಕಳಸದಿಂದ ಬಂದಿದ್ದ ಗೆಳತಿಗೆ ಕೊಟ್ಟಳಂತೆ. ಮನೆಯ ಗುರುತು ಹೇಳಿದಳು. ಫೋನ್ ಹಚ್ಚಿದರೆ ಮಂಜಿಗೋ ಮಳೆಗೋ ತಾಗಲಿಲ್ಲ.

ಕಳಸದ ದಾರಿಯ ತಿರುವುಗಳಲ್ಲಿ ಎದುರಿನ ಗಾಡಿ ಕಾಣದಷ್ಟು ಮಂಜು. ನಾನು ನಿಧಾನ ಮಾಡಿದಾಗಲೆಲ್ಲ ಅಕ್ಕನ ಪಾದ ಕೆಳಗೆ ತುಳಿಯುತ್ತಿತ್ತು, ಅವರು ತುಳಿದರೆ ಕಾರು ಓಡುತ್ತದೆಂಬಂತೆ. ಅಷ್ಟೊಂದು ಬೇಕಿದ್ದರೆ ಇಷ್ಟು ವರ್ಷ ಯಾಕೆ ಹೊಲಿಯಲಿಲ್ಲ ಎಂದು ರೇಗಿದೆ. ನನಗೂ ಹಸಿವಾಗಿತ್ತು, ತಲೆ ನೋಯುತ್ತಿತ್ತು. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಕಳಸದ ಆ ಮನೆಯಲ್ಲಿ ಸಂಜೆಯ ಪೂಜೆಗೆ ತಯಾರಿ ನಡೆದಿತ್ತು. ಮನೆಯಾಕೆ ಅಕ್ಕನಿಗಿಂತ ಸ್ವಲ್ಪ ಚಿಕ್ಕವರು. ನಾವು ವಿಷಯ ಹೇಳಿದೆವು. ಆಕೆಗೂ ನಾಚಿಕೆಯಾಯಿತು, ಆದರೆ ಸುಳ್ಳು ಹೇಳಲಿಲ್ಲ. ದೇವರ ಮುಂದೆ ಜೋಡಿಸಿಟ್ಟಿದ್ದ ತಟ್ಟೆಗಳಲ್ಲಿ ಒಂದರ ಎಲೆ ಅಡಿಕೆ ಸರಿಸಿ ಗಿಳಿಹಸಿರು ಪೀಸನ್ನು ಎಳೆದರು. ಇನ್ನೊಂದು ಗಂಟೆ ತಡವಾಗಿದ್ದರೆ ಹೋಗಿಬಿಡುತ್ತಿತ್ತು. ಒಂದು ಮೂಲೆಯಲ್ಲಿ ಚಿಟಿಕೆ ಕುಂಕುಮ ಬಿದ್ದಿತ್ತು. ಅಕ್ಕ ಅದನ್ನು ಕೊಡವಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿ, ಮಡಿಸಿ, ರವಿಕೆಯೊಳಗೆ ಸಿಕ್ಕಿಸಿಕೊಂಡರು.

ಕಾಫಿ ಕುಡಿದೆವು, ಅಕ್ಕ ನಿಂತೇ ಕುಡಿದರು. ಮನೆಯಾಕೆ ಕುಂಕುಮದ ಬಟ್ಟಲು ತಂದು ನನಗೆ ಹಣೆಗಿಟ್ಟು, ಹೂ ಕೊಟ್ಟು, ಪೀಸು ಕೊಟ್ಟರು. ತಿರುಗಿ ನೋಡಿದರೆ ಅಕ್ಕ ಆಗಲೇ ಬಾಗಿಲಾಚೆ ಚಪ್ಪಲಿ ಹುಡುಕುತ್ತಿದ್ದಾರೆ. ಆಕೆ ತಟ್ಟೆಯಲ್ಲಿ ಇನ್ನೊಂದು ಪೀಸು ಇಟ್ಟರು. ಒಳಗೆ ಯಾರೋ ಹಿರಿಯರು ಕೆಮ್ಮಿದರು. ಆಕೆ ಬಾಗಿಲು ದಾಟಿ ಅಕ್ಕನ ಮುಂದೆ ಹೋಗಿ ನಿಂತು, "ನಿಮ್ದು ನೀವು ತಗಂಡ್ರಿ. ನಂದೊಂದು ಬೇಡ್ವಾ?" ಎಂದು ಸಾಸಿವೆ ಹಳದಿಯ ಒಂದು ಪೀಸನ್ನು ನೀಡಿದರು.

ಅಕ್ಕ ಒಂದು ಚಪ್ಪಲಿ ಹಾಕಿಕೊಂಡಿದ್ದರು, ಇನ್ನೊಂದು ಕಾಲು ಬರಿದು. ಆ ಬರಿಗಾಲನ್ನೇ ನೋಡುತ್ತ ಎರಡೂ ಕೈ ಚಾಚಿ ತೆಗೆದುಕೊಂಡರು.

ಬಾಳೆಹೊನ್ನೂರಿನ ಮೇಲೆ ವಾಪಸು ಬರುವಾಗ ಎರಡೂ ಬಟ್ಟೆಗಳನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಮಾಗುಂಡಿ ದಾಟಿದ ಮೇಲೆ, ನಾನು ಕೇಳದೆಯೇ ಹೇಳಿದರು. "ಇದು ಸಾಲಲ್ಲ ಮಾರಾಯ್ತಿ. ತೋಳಿಗೆ ಬಟ್ಟೆ ಇಲ್ಲ. ತಂದ ದಿನ ಬಿಡಿಸಿ ನೋಡ್ದಾಗ್ಲೇ ಗೊತ್ತಾಯ್ತು. ಜೀವಮಾನದಲ್ಲಿ ಒಂದು ಸಲ ತಂದಾರೆ, ಸಾಲಲ್ಲ ಅಂತ ಹೆಂಗೆ ಹೇಳದು?"

ಅದಕ್ಕೇ ಇದಾದ ಮೇಲೆ, ಇದಾದ ಮೇಲೆ ಎನ್ನುತ್ತ ಅದರ ಮುಂದೆ ಯಾವಾಗಲೂ ಒಂದು ಕೆಲಸ ಇರುವಂತೆ ನೋಡಿಕೊಂಡಿದ್ದರು. ಪರದೆ, ಕುಲಾವಿ, ನನ್ನ ಹಾರ್ಮೋನಿಯಮ್ಮಿನ ಹೊದಿಕೆ. ನಾನು ಗಾಡಿ ಬದಿಗೆ ನಿಲ್ಲಿಸಿದೆ. ಜಗಳವಾಡಿದ್ದೆಲ್ಲ ನೆನಪಾಯಿತು, ಅಳು ಬಂತು.

ಆಲ್ದೂರಿನಲ್ಲಿ ಸಾಹೇಬರ ಅಂಗಡಿ ಮುಚ್ಚುವ ಹೊತ್ತಿಗೆ ಮುಟ್ಟಿದೆವು. ಅಕ್ಕ ಗಿಳಿಹಸಿರನ್ನು ಹರಡಿ, ಇದಕ್ಕೆ ಹೊಂದುವ ತುಂಡು ಇದೆಯೇ ನೋಡಿ ಎಂದರು. ಸಾಹೇಬರು ಕಪಾಟೆಲ್ಲ ಜಾಲಾಡಿದರು, ಆ ಬಣ್ಣ ಈಗ ಬರುವುದೇ ಇಲ್ಲ. ಬಟ್ಟೆಯನ್ನು ತಿರುಗಿಸಿ ನೋಡಿ, ಇದು ನಮ್ಮಲ್ಲಿಂದಲೇ ಹೋದದ್ದಲ್ಲವೇ ಎಂದರು. ಆಮೇಲೆ ಕನ್ನಡಕ ತೆಗೆದು, "ಅವತ್ತೇ ಹೇಳಿದ್ದೆ ಅಮ್ಮ, ಇದು ತುಂಡು, ತೋಳಿಗೆ ಸಾಲದಿಲ್ಲ ಅಂತ. ನಿಮ್ಮ ಗೌಡ್ರು ಕೇಳ್ಲಿಲ್ಲ. ಬಣ್ಣ ಚೆನ್ನಾಗೈತೆ ಕೊಡಿ ಸಾಹೇಬ್ರೆ, ಅವಳು ಹೆಂಗಾದ್ರೂ ಹೊಂದಿಸ್ತಾಳೆ ಅಂದ್ರು" ಎಂದರು.

ಅಕ್ಕ ಅಂಗಡಿಯ ಸ್ಟೂಲಿನ ಮೇಲೆ ಕೂತರು. ಯಾರೂ ಬಲವಂತ ಮಾಡದೆ ಅವರು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಾದವೂ ಅಲ್ಲಾಡುತ್ತಿರಲಿಲ್ಲ. ಸಾಹೇಬರು ಹುಡುಕುವುದು ಬಿಟ್ಟು ಟೀ ತರಿಸಿದರು, ಅದನ್ನೂ ಕೂತೇ ಕುಡಿದರು.

ಮಾರನೇ ದಿನ ನಾನು ಹೋಗುವಷ್ಟರಲ್ಲಿ ರವಿಕೆ ಅರ್ಧ ಆಗಿತ್ತು. ಮೈ ಗಿಳಿಹಸಿರು, ತೋಳು ಕಳಸದ ಸಾಸಿವೆ ಹಳದಿ. ತೋಳಿನ ತುದಿಗೆ ಹಸಿರಿನ ಮಾವಿನಕಾಯಿ ಅಂಚನ್ನು ಉಳಿಸಿ ಜೋಡಿಸಿದ್ದರು. ಕುಂಕುಮ ಬಿದ್ದ ಜಾಗ ಬೆನ್ನಿನ ಕೆಳಗೆ, ಸೀರೆಯೊಳಗೆ ಹೋಗುವ ಕಡೆ ಬರುವಂತೆ ಕತ್ತರಿಸಿದ್ದರು.

ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಅದನ್ನೇ ಹಾಕಿಕೊಂಡು ಬಂದರು. ಹೆಂಗಸರ ಕಣ್ಣೆಲ್ಲ ಆ ತೋಳಿನ ಮೇಲೆ. ಯಾರೋ ಕೇಳಿಯೂ ಬಿಟ್ಟರು, ತೋಳು ಯಾಕೆ ಬೇರೆ ಎಂದು. ಮೈ ಅವರು ತಂದದ್ದು, ತೋಳು ಕಳಸದ್ದು ಎಂದರು ಅಕ್ಕ, ಅಷ್ಟೇ. ನಮ್ಮಲ್ಲಿ ತಟ್ಟೆ ಹಿಡಿಯುತ್ತಿದ್ದುದು ನನ್ನ ಅತ್ತೆ. ಆ ವರ್ಷ ಅವರಿಗೆ ಮಂಡಿನೋವು, ಕುರ್ಚಿಯಲ್ಲಿ ಕೂತು ತಟ್ಟೆ ನನ್ನ ಕೈಗೆ ಕೊಟ್ಟಿದ್ದರು. ಸಾಲಿನಲ್ಲಿ ಕೊಡುತ್ತ ಹೋದೆ. ಅಕ್ಕ ಈಗ ಏಳುತ್ತಾರೆ, ಈಗ ಏಳುತ್ತಾರೆ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದೆ. ಏಳಲಿಲ್ಲ. ನಾನು ಅವರ ಮುಂದೆ ನಿಂತೆ. ಹೆಂಗಸರೆಲ್ಲ ನನ್ನ ಕೈ ನೋಡತೊಡಗಿದರು. ಹಿಂದಿನಿಂದ ನನ್ನ ಅತ್ತೆ, "ಆ ನೀಲಿದು ಬೇಡ, ಅವಳಿಗೆ ಬಟ್ಟೆ ಗೊತ್ತಾಗ್ತದೆ, ಒಳ್ಳೇದು ನೋಡಿ ಕೊಡು" ಎಂದರು. ಬಿಳಿಯ ಮೇಲೆ ಸಣ್ಣ ಕೆನ್ನೀಲಿ ಹೂವಿದ್ದ ಒಂದನ್ನು ಆರಿಸಿ ಕೊಟ್ಟೆ. ಅಕ್ಕ ಎರಡು ಬೆರಳಲ್ಲಿ ಹೊಸಕಿ ನೋಡಿ, ಚೆನ್ನಾಗಿದೆ ಎಂದು ಮಡಿಲಲ್ಲಿ ಇಟ್ಟುಕೊಂಡರು.

ಆಮೇಲೆ ಅದನ್ನು ಹೊಲಿದಿರಾ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಇದಾದ ಮೇಲೆ ಎನ್ನುತ್ತಿದ್ದರು. ಮೊದಲನೇ ಮೊಳೆಯಲ್ಲಿ ಆಗೆಲ್ಲ ಅಳತೆ ಟೇಪು, ಕನ್ನಡಕ, ಕೆಲವು ಸಲ ತರಕಾರಿ ಚೀಲ ನೇತಾಡುತ್ತಿತ್ತು. ನಾನು ಕೊಟ್ಟದ್ದು ಎಲ್ಲೂ ಕಾಣಲಿಲ್ಲ. ಕೆಂಪು ದಾರದ ಗುರುತು ಹಾಕಿ ಯಾರಿಗೋ ದಾಟಿಸಿರಬೇಕು ಎಂದುಕೊಂಡು ನನಗೆ ಸ್ವಲ್ಪ ಬೇಜಾರೂ ಆಗಿತ್ತು. ಈಚೆಗೆ ಅವರ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಸುವಂತಾಯಿತು. ಪೋಣಿಸಿ ಕೊಡುವ ಅಷ್ಟು ಹೊತ್ತೂ ಕೋಣೆಯ ಉದ್ದಕ್ಕೂ ತಿರುಗಾಡುತ್ತಿದ್ದರು. ನನ್ನನ್ನು ಮೆಷಿನ್ನಿನ ಮುಂದೆ ಕೂರಿಸಿ ನೇರ ಹೊಲಿಗೆ ಕಲಿಸಿದ್ದು ಆಗಲೇ. ಮಲಗಿದ ಮೇಲೆ ಹೆಚ್ಚು ದಿನ ಇರಲಿಲ್ಲ. ಮಲಗುವುದು ಅವರಿಗೆ ಬರುತ್ತಿರಲಿಲ್ಲ.

ಇಲ್ಲಿಯವರೆಗೆ ಬರೆದು ಎದ್ದೆ. ಇನ್ನು ಬರೆಯುತ್ತ ಕೂತರೆ ಅದೂ ಹೋಗದಿರಲು ಒಂದು ನೆಪವಾಗುತ್ತದೆ ಅನ್ನಿಸಿತು. ಇವತ್ತು ಬೆಳಿಗ್ಗೆ ತೋಟ ದಾಟಿ ಹೋದೆ.

ಸೊಸೆ ಬೀಗ ತೆಗೆದಳು. ಅದೇ ಕಾಫಿ ವಾಸನೆ. ಬಾಗಿಲು-ಮೇಜಿನ ಚಿಲಕಕ್ಕೆ ಕತ್ತರಿ ಸಿಕ್ಕಿಸಿದ್ದು ಹಾಗೇ ಇತ್ತು. ಬೀರುವಿನ ಬಲ್ಬನ್ನು ಅವಳು ಆರಿಸಿರಲಿಲ್ಲ. ಮಳೆ ನಿಂತು ತಿಂಗಳಾದರೂ ಯಾಕೋ ಕೈ ಬರಲಿಲ್ಲ ಅಕ್ಕ ಎಂದಳು. ನನ್ನನ್ನು ಅವಳು ಕರೆಯುವುದೂ ಅಕ್ಕ ಎಂದೇ. ಗೋಡೆಯ ಮೊಳೆಗಳಿಗೆಲ್ಲ ಗಂಟುಗಳು ತೂಗುತ್ತಿದ್ದವು. ಮೊದಲನೇ ಮೊಳೆಯಲ್ಲಿ ಟೇಪಿರಲಿಲ್ಲ, ಚೀಲವಿರಲಿಲ್ಲ. ಬಿಳಿಯ ಮೇಲೆ ಸಣ್ಣ ಕೆನ್ನೀಲಿ ಹೂವಿನ ನನ್ನ ಪೀಸಿತ್ತು. ಮೂಲೆಗಳನ್ನು ಹುಡುಕಿದೆ, ಕೆಂಪು ದಾರದ ಗುರುತು ಎಲ್ಲೂ ಇಲ್ಲ. ಅತ್ತೆ ಹಾಸಿಗೆ ಹಿಡಿಯುವ ಹಿಂದಿನ ದಿನ ಬೀರುವಿನ ತಳದಿಂದ ತೆಗೆಸಿ, ಅಲ್ಲಿಗೇ ಹಾಕು ಎಂದು ತನ್ನ ಕೈಯಲ್ಲಿ ಹಾಕಿಸಿದರು ಎಂದಳು ಸೊಸೆ.

ಪಿನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಟೇಪು ಹಿಡಿದು ಅಳೆದೆ. ನಂಬಲಾಗದೆ ಇನ್ನೊಮ್ಮೆ ಅಳೆದೆ. ಮೈಗೆ ಸಾಲುತ್ತದೆ. ತೋಳಿಗೆ ಸಾಲುವುದಿಲ್ಲ. ಅವತ್ತು ನಮ್ಮ ಮನೆಯಲ್ಲಿ, ಎಲ್ಲರ ಎದುರು, ಎರಡು ಬೆರಳಲ್ಲಿ ಹೊಸಕಿ ಚೆನ್ನಾಗಿದೆ ಎಂದದ್ದು ನೆನಪಾಗಿ ಮೇಜಿನ ಅಂಚು ಹಿಡಿದುಕೊಂಡು ಅತ್ತುಬಿಟ್ಟೆ. ಸೊಸೆ ಗಾಬರಿಯಾಗಿ ನೀರು ತಂದಳು.

ನೀರು ಕುಡಿದು ಮುಖ ಒರೆಸಿಕೊಂಡ ಮೇಲೆ, ಇದನ್ನೆಲ್ಲ ಎಲ್ಲಿಗೆ ಸಾಗಿಸಲಿ ಅಕ್ಕ, ಮೂಟೆ ಬರುವ ಹೊತ್ತಾಯಿತು ಎಂದು ಅವಳು ಮೆಲ್ಲಗೆ ಕೇಳಿದಳು. ಮೂಟೆಗಳನ್ನು ಈ ವರ್ಷ ಮೆಷಿನ್ನಿನ ಕಾಲಿನವರೆಗೆ ಮಾತ್ರ ತನ್ನಿ, ಅದಕ್ಕಿಂತ ಮುಂದೆ ಬೇಡ ಎಂದೆ. ಬಿಳಿ ಬಟ್ಟೆಯನ್ನು ಮಡಿಸಿ ತಿರುಗಿ ಮೊದಲನೇ ಮೊಳೆಗೆ ಹಾಕಿ, ಬೀರುವಿನ ಬಾಗಿಲು ತೆಗೆದೆ. ತೋಳಿಗೆ ಬಟ್ಟೆ ಹುಡುಕಬೇಕು.